ಸರಕು ತಂಗಿದ ಊರುಗಳು: ಕರಾವಳಿಯ ಹಳೆ ಬಂದರುಗಳು ಹೊಸ ಬಂದರುಗಳಿಗೆ ಕೇಳುವ ಪ್ರಶ್ನೆ

ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಸರ್ವಋತು ಆಳಸಮುದ್ರ ಬಂದರು ಕಟ್ಟುವ ಗುತ್ತಿಗೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಸಿಕ್ಕಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಅಲ್ಲಿಂದ ದಕ್ಷಿಣಕ್ಕೆ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಶರಾವತಿಯ ಅಳಿವೆಗೆ ತಾಗಿಕೊಂಡೇ ಯೋಜಿಸಿದ ಇನ್ನೊಂದು ಖಾಸಗಿ ಬಂದರು ದಶಕಕ್ಕೂ ಮೀರಿದ ಜಗ್ಗಾಟದಲ್ಲಿದೆ. ಎರಡೂ ಕಡೆ ಮೀನುಗಾರ ಕುಟುಂಬಗಳು ಬೀದಿಗಿಳಿದು ವಿರೋಧಿಸಿವೆ. ಎರಡೂ ಕಡೆ ಯೋಜನೆಯ ಪರ ಇರುವವರು ಹೇಳುವ ಮಾತು ಮಾತ್ರ ಒಂದೇ: ಬಂದರು ಬಂದರೆ ಊರು ಬೆಳೆಯುತ್ತದೆ, ನಮ್ಮ ಕರಾವಳಿ ಸಾವಿರ ವರ್ಷಗಳಿಂದ ಬಂದರುಗಳ ನಾಡಲ್ಲವೇ?

ಈ ಮಾತಿನ ಎರಡನೆಯ ಅರ್ಧ ನಿಜ. ಕಾರವಾರದಿಂದ ಉಳ್ಳಾಲದವರೆಗಿನ 300 ಕಿಲೋಮೀಟರಿಗೂ ಹೆಚ್ಚಿನ ಈ ಅಂಚಿನಲ್ಲಿ ಹತ್ತಾರು ಊರುಗಳು ಹುಟ್ಟಿದ್ದೂ ಹಿಗ್ಗಿದ್ದೂ ನೀರಿನ ಮೇಲೆ ಬಂದ ವ್ಯಾಪಾರದಿಂದಲೇ. ಆದರೆ ಆ ಊರುಗಳನ್ನು ಬೆಳೆಸಿದ್ದು ಯಾವುದು ಎಂದು ಬಿಡಿಸಿ ನೋಡಿದರೆ, ಹಡಗು ಬಂದದ್ದಷ್ಟೇ ಕಾರಣವಲ್ಲ ಎಂಬುದು ಗೊತ್ತಾಗುತ್ತದೆ. ಸರಕು ಅಲ್ಲಿ ಇಳಿದು ನಿಲ್ಲುತ್ತಿತ್ತು. ಕೈಯಿಂದ ಕೈಗೆ ಹೋಗುತ್ತಿತ್ತು. ಅದನ್ನು ಬಿಚ್ಚಿ, ತೂಗಿ, ವಿಂಗಡಿಸಿ, ಒಣಗಿಸಿ, ಕರಗಿಸಿ, ಬೇರೆ ರೂಪಕ್ಕೆ ತಿರುಗಿಸಿ ಮತ್ತೆ ಕಳಿಸಲಾಗುತ್ತಿತ್ತು. ಈ ನಿಲುಗಡೆಯೇ ಪೇಟೆಯನ್ನೂ ಕೇರಿಗಳನ್ನೂ ಸಾಲದ ವ್ಯವಸ್ಥೆಯನ್ನೂ ಕಟ್ಟಿತು. ಇಂದಿನ ಬಂದರುಗಳು ಸರಕನ್ನು ನಿಲ್ಲಿಸದೆ ಸಾಗಿಸಲೆಂದೇ ರೂಪುಗೊಂಡಿವೆ. ಹಾಗಾಗಿ ಹಳೆಯ ಬಂದರುಗಳ ವೈಭವವನ್ನು ಹೊಸ ಬಂದರುಗಳ ಪರವಾಗಿ ಸಾಕ್ಷಿಗೆ ಕರೆಯುವ ಮುನ್ನ ಆ ವೈಭವದ ಲೆಕ್ಕವನ್ನು ಸರಿಯಾಗಿ ಓದಬೇಕಾಗುತ್ತದೆ.

ಮೊದಲು ನೆಲದ ಸ್ಥಿತಿಯನ್ನು ನೋಡೋಣ. ನಮ್ಮ ಹಳೆಯ ಬಂದರುಗಳು ಬಹುತೇಕ ತೆರೆದ ಕಡಲಿಗೆ ಮುಖ ಮಾಡಿದವಲ್ಲ. ಅವು ಅಳಿವೆಯ ಒಳಗೆ, ನದಿಯ ಮಡಿಲಲ್ಲಿದ್ದವು. ಕಾಳಿಯ ಬಾಯಲ್ಲಿ ಸದಾಶಿವಗಡ, ಅಘನಾಶಿನಿಯ ಒಳಗೆ ಮಿರ್ಜಾನ, ಶರಾವತಿಯ ದಡದಲ್ಲಿ ಹೊನ್ನಾವರ, ವಾರಾಹಿಯ ಮೇಲೆ ಬಸ್ರೂರು, ಸೀತಾನದಿಯ ಮೇಲೆ ಬಾರಕೂರು, ನೇತ್ರಾವತಿ ಮತ್ತು ಗುರುಪುರ ಹೊಳೆ ಕೂಡುವಲ್ಲಿ ಮಂಗಳೂರು. ಘಟ್ಟದಿಂದ ಇಳಿದ ಹೊಳೆ ಮರಳು ತಂದು ಹಾಕುತ್ತದೆ, ಕಡಲು ಅದನ್ನು ದಡದುದ್ದಕ್ಕೂ ಎಳೆದು ನಾಲಗೆಯಂತೆ ಚಾಚುತ್ತದೆ. ಮಂಗಳೂರಿನ ಹಳೆ ಬಂದರಿನೆದುರಿಗಿನ ಬೆಂಗ್ರೆ ಅಂಥದೇ ಮರಳಿನ ನಾಲಗೆ. ಅದರ ಹಿಂದೆ ಸಿಗುವ ಶಾಂತವಾದ ನೀರಿನಲ್ಲಿ ಮಂಜಿ ಎಂಬ ಮರದ ಸರಕುಹಡಗುಗಳು ನಿಲ್ಲುತ್ತಿದ್ದವು. ಅಲ್ಲಿಂದ ಮೇಲಕ್ಕೆ, ಭರತದ ನೀರು ಏರುವಷ್ಟು ದೂರ, ಚಪ್ಪಟೆ ತಳದ ದೋಣಿಗಳು ಸರಕು ಹೊತ್ತು ಹೋಗುತ್ತಿದ್ದವು: ನೇತ್ರಾವತಿಯಲ್ಲಿ ಪಾಣೆಮಂಗಳೂರು, ಬಂಟ್ವಾಳದ ತನಕ, ಶರಾವತಿಯಲ್ಲಿ ಗೇರುಸೊಪ್ಪೆಯ ತನಕ. ದೋಣಿ ನಿಲ್ಲುವಲ್ಲಿ ಹೇರೆತ್ತುಗಳ ದಾರಿ ಶುರುವಾಗುತ್ತಿತ್ತು. ಅಂದರೆ ಒಂದು ಬಂದರು ಎಂದರೆ ಒಂದು ಊರಲ್ಲ. ಕಡಲ ಬಾಯಿಂದ ಘಟ್ಟದ ಬುಡದವರೆಗೆ ಪೋಣಿಸಿದ ಎರಡು ಮೂರು ಊರುಗಳ ಸಾಲು. ಬಂಟ್ವಾಳದಂಥ ಊರಿಗೆ ಕಡಲು ಕಾಣದಿದ್ದರೂ ಅದು ಕಡಲ ವ್ಯಾಪಾರದ ಊರೇ ಆಗಿತ್ತು.

ಸ್ಥಳದಷ್ಟೇ ಮುಖ್ಯವಾದದ್ದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಹಾಯಿಹಡಗುಗಳಿಗೆ ಬಾಗಿಲು ಮುಚ್ಚುತ್ತಿತ್ತು. ಏಡನ್ನಿನಿಂದಲೋ ಹೋರ್ಮುಜ್‌ನಿಂದಲೋ ಬಂದ ವರ್ತಕ ಮಳೆ ಹಿಡಿಯುವುದರೊಳಗೆ ಮರಳಲಾಗದಿದ್ದರೆ ಮುಂದಿನ ಗಾಳಿಗಾಗಿ ಇಲ್ಲೇ ತಿಂಗಳುಗಟ್ಟಲೆ ಕಾಯಬೇಕು. ಕಾಯುವವನಿಗೆ ಮನೆ ಬೇಕು, ಬಖಾರಿ ಬೇಕು, ಅಡುಗೆಯವರು ಬೇಕು, ಪ್ರಾರ್ಥನೆಗೆ ಜಾಗ ಬೇಕು, ತನ್ನ ಪರವಾಗಿ ಮುಂದಿನ ಸುಗ್ಗಿಯ ಮೆಣಸಿಗೆ ಮುಂಗಡ ಕೊಟ್ಟು ಬರುವ ನಂಬಿಕೆಯ ಮನುಷ್ಯ ಬೇಕು. ಕರಾವಳಿಯ ಬಂದರುಗಳಲ್ಲಿ ಇಷ್ಟೊಂದು ಭಾಷೆಗಳೂ ಪೂಜಾಸ್ಥಳಗಳೂ ಒತ್ತೊತ್ತಾಗಿ ಇರುವುದಕ್ಕೆ ಮನಸ್ಸಿನ ಔದಾರ್ಯಕ್ಕಿಂತ ಮೊದಲು ಗಾಳಿಯ ಈ ನಿಯಮವೇ ಕಾರಣವೆಂದು ನನಗೆ ಅನ್ನಿಸುತ್ತದೆ. ಔದಾರ್ಯ ಆಮೇಲೆ ಬೆಳೆದಿರಬಹುದು.

ಇದಕ್ಕೆ ಸಿಗುವ ಅತ್ಯಂತ ಹತ್ತಿರದ ಸಾಕ್ಷ್ಯ ಮಂಗಳೂರಿನದು, ಆದರೆ ಅದು ಉಳಿದುಕೊಂಡದ್ದು ಕೈರೋದಲ್ಲಿ. ಹಳೆ ಕೈರೋದ ಬೆನ್ ಎಜ್ರಾ ಯಹೂದಿ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ರಾಶಿ ಬಿದ್ದಿದ್ದ ಕಾಗದಪತ್ರಗಳ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳೂ ಲೆಕ್ಕಗಳೂ ಸಿಕ್ಕಿವೆ. ಈತ ಇಂದಿನ ಟುನೀಸಿಯಾದ ಮಹ್ದಿಯಾ ಪಟ್ಟಣದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರಲ್ಲಿ ಏಡನ್ನಿಗೆ ಮರಳುವ ತನಕ ಹೆಚ್ಚುಕಡಿಮೆ 17 ವರ್ಷ ಈ ಕಡೆಯೇ ಬದುಕಿದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಚಾಪೆ ಮತ್ತು ಇಲ್ಲಿ ಸಿಗದ ಕಾಗದ ತರಿಸಿಕೊಳ್ಳುತ್ತಿದ್ದ. ನನ್ನ ಗಮನ ಸೆಳೆಯುವುದು ಅವನ ಕಂಚಿನ ಕಾರ್ಖಾನೆ. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು. ಮಂಗಳೂರಿನ ಕುಶಲಿಗಳು ಅದನ್ನು ಕರಗಿಸಿ, ಅವರು ಹೇಳಿದ ಅಳತೆಯ ಹರಿವಾಣ, ಚೆಂಬು, ದೀಪಗಳನ್ನು ಎರಕಹೊಯ್ದು ವಾಪಸು ಕಳಿಸುತ್ತಿದ್ದರು. ಕೆಲಸಗಾರರ ಕೈಚಳಕ ಚೆನ್ನಾಗಿಲ್ಲದಿದ್ದರೆ ಒಡೆದ ಪಾತ್ರೆಯೊಂದು ಸಾವಿರಾರು ಮೈಲಿ ಕಡಲು ದಾಟಿ ಬಂದು ಮತ್ತೆ ಹೋಗುವುದು ಲಾಭಕ್ಕೆ ಕೂಡುವ ಮಾತಲ್ಲ. ಹನ್ನೆರಡನೆಯ ಶತಮಾನದ ಮಂಗಳೂರು ಬರೀ ಮೆಣಸು ಹೇರುವ ಕಟ್ಟೆಯಾಗಿರಲಿಲ್ಲ, ಕೆಲಸ ಮಾಡಿಕೊಡುವ ಊರಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಅದೇ ಕಾಗದಗಳ ನಡುವೆ 1132ರ ಅಕ್ಟೋಬರ್ 17ರ ಪತ್ರವೊಂದಿದೆ. ಆಶು ಎಂಬ ತುಳುವ ನಾಡಿನ ದಾಸಿಯನ್ನು ಬಿಡುಗಡೆ ಮಾಡಿದ ದಾಖಲೆ ಅದು. ಬೆನ್ ಯಿಜು ಅವಳನ್ನೇ ಮದುವೆಯಾದನೆಂದು ವಿದ್ವಾಂಸರು ತಿಳಿಯುತ್ತಾರೆ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನೂ ದಾಸನೇ. ಹಳೆಯ ಬಂದರುಗಳ ಕೂಡುಬಾಳ್ವೆಯನ್ನು ನೆನೆಯುವಾಗ ಈ ಸಂಗತಿಯನ್ನು ಬದಿಗೆ ಸರಿಸಬಾರದು. ಮನುಷ್ಯರೂ ಅಲ್ಲಿ ಮಾರಾಟಕ್ಕಿದ್ದರು.

ಎರಡು ಶತಮಾನಗಳ ನಂತರ, ಸುಮಾರು 1342ರಲ್ಲಿ, ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಈ ದಡದುದ್ದಕ್ಕೂ ಪಯಣಿಸಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಬರೆದ. ಬಾರಕೂರಿನಲ್ಲಿ ಅವನು ಕಂಡದ್ದು ಸುಂಕದ ವ್ಯವಸ್ಥೆ: ಆ ದಾರಿಯಲ್ಲಿ ಹಾಯುವ ಪ್ರತಿ ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು, ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು, ಕೊಡದೆ ಮುಂದೆ ಹೋದವರನ್ನು ಅರಸನ ಹಡಗುಗಳು ಅಟ್ಟಿಸಿಕೊಂಡು ಹೋಗಿ ಎಳೆತಂದು ಎರಡರಷ್ಟು ವಸೂಲಿ ಮಾಡುತ್ತಿದ್ದವು. ಆಗಿನ ಅರಸರಿಗೂ ಗೊತ್ತಿದ್ದದ್ದು ಇದೇ. ಹಾದುಹೋಗುವ ಹಡಗಿನಿಂದ ಊರಿಗೆ ಏನೂ ಸಿಗದು, ಅದು ನಿಲ್ಲಬೇಕು. ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯೆಮೆನ್ನಿನ ವರ್ತಕರು ಇಳಿಯುತ್ತಾರೆ, ಊರಿಗೆ ಹೊಂದಿಕೊಂಡ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ, ಅವರಿಗೂ ಊರವರಿಗೂ ಆಗಾಗ ಕಾಳಗ ನಡೆಯುತ್ತದೆ, ವರ್ತಕರು ತನಗೆ ಬೇಕಾದ್ದರಿಂದ ಅರಸ ನಡುವೆ ನಿಂತು ರಾಜಿ ಮಾಡಿಸುತ್ತಾನೆ ಎಂದೂ ಅವನು ಹೇಳುತ್ತಾನೆ. ಬಂದರು ಪೇಟೆಯ ಶಾಂತಿ ತಾನಾಗಿ ಬಂದದ್ದಲ್ಲ, ಅದನ್ನು ಪ್ರತಿಸಲವೂ ಯಾರೋ ಕೂತು ಮಾಡಬೇಕಾಗುತ್ತಿತ್ತು ಎಂಬುದನ್ನು ಈ ಒಂದು ವಾಕ್ಯ ತೋರಿಸುತ್ತದೆ.

ಆ ಕೂತು ಮಾಡುವ ಕೆಲಸಕ್ಕೆ ಸಂಸ್ಥೆಗಳಿದ್ದವು. ಬಾರಕೂರು, ಬಸ್ರೂರುಗಳ ಶಾಸನಗಳಲ್ಲಿ ಕೇರಿಗಳ ಹೆಸರು, ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕ ಕೂಟಗಳ ಮಾತುಗಳು ಬರುತ್ತವೆ. ಹಂಜಮಾನ ಎಂಬುದು ಪಾರಸಿಯ ಅಂಜುಮನ್, ಹೊರಗಿನಿಂದ ಬಂದ ವರ್ತಕರ ಕೂಟ. ಕನ್ನಡದ ನಾಲಗೆಯಲ್ಲಿ ಒಗ್ಗಿಹೋಗಿ ಕಲ್ಲಿನ ಮೇಲೆ ಕನ್ನಡ ಲಿಪಿಯಲ್ಲಿ ನಿಂತ ಈ ಒಂದು ಪದವನ್ನು ಓದುವಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಬಂದರು ಎಂಬುದೂ ಅದೇ ಪಾರಸಿಯಿಂದ ಬಂದದ್ದೇ. ಬ್ಯಾರಿ ಸಮುದಾಯದ ಹೆಸರಿನ ಬೇರು ವ್ಯಾಪಾರ ಎಂಬ ಮಾತಿನಲ್ಲಿದೆ ಎನ್ನುತ್ತಾರೆ. ಭಟ್ಕಳದ ಮುಸ್ಲಿಂ ಸಮುದಾಯವಾದ ನವಾಯತರ ನವಾಯತಿ ಕೊಂಕಣಿಯ ಮೈಗೆ ಅರಬ್ಬಿ ಮತ್ತು ಪಾರಸಿಯ ಶಬ್ದಗಳನ್ನು ತುಂಬಿಕೊಂಡ ನುಡಿ. ಆ ಭಟ್ಕಳ ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಾಗಿಲಾಗಿತ್ತು. ಕುದುರೆಯ ವ್ಯಾಪಾರ ಹೋಗಿ ಹೊಳೆ ಹೂಳು ತುಂಬಿಕೊಂಡ ಮೇಲೂ ಊರಿನ ವ್ಯಾಪಾರದ ಗುಣ ಮಾತ್ರ ಸಾಯಲಿಲ್ಲ. ಅಲ್ಲಿನವರು ಚೆನ್ನೈ, ಕೋಲ್ಕತ್ತ, ವಿಜಯವಾಡಗಳಲ್ಲಿ ಅಂಗಡಿ ಹೂಡಿದರು, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು.

ಈ ಊರುಗಳು ಏಕೆ ಕುಗ್ಗಿದವು ಎಂಬುದಕ್ಕೆ ಪೋರ್ಚುಗೀಸರನ್ನು ಮಾತ್ರ ಹೊಣೆ ಮಾಡುವುದು ರೂಢಿ. ಅವರ ಪಾಲು ದೊಡ್ಡದು ನಿಜ. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು, ಗೋವೆಗೆ ಬೇಕಾದ ಅಕ್ಕಿಯನ್ನು ಕಪ್ಪವಾಗಿ ಈ ದಡದಿಂದ ಎತ್ತುತ್ತಿದ್ದರು, 1569ರ ಹೊತ್ತಿಗೆ ಬಸ್ರೂರಿನ ಹೊಳೆಬಾಯಿಯಲ್ಲಿ ಕೋಟೆ ಕಟ್ಟಿದರು. ಆದರೂ ಒಂದು ಶತಮಾನದ ನಂತರ, 1665ರ ಫೆಬ್ರುವರಿಯಲ್ಲಿ, ಶಿವಾಜಿ ತಾನೇ ಹಡಗುಪಡೆಯೊಂದಿಗೆ ಬಂದು ಬಸ್ರೂರನ್ನು ಕೊಳ್ಳೆ ಹೊಡೆದನೆಂದರೆ ಅಷ್ಟು ದೂರ ಬರುವಷ್ಟು ಸಂಪತ್ತು ಅಲ್ಲಿ ಇನ್ನೂ ಉಳಿದಿತ್ತು ಎಂದೇ ಅರ್ಥ. ನಿಧಾನವಾಗಿ ಕೊಂದದ್ದು ಹೂಳು. ಹಡಗುಗಳ ತಳ ಆಳವಾಗುತ್ತ ಹೋಯಿತು, ಹೊಳೆಗಳ ತಳ ಏರುತ್ತ ಬಂತು. ಇನ್ನು ಮೂರನೆಯ ಕಾರಣ ಬಂದರಿನ ಹೊರಗಿನದು, ಒಳನಾಡಿನ ದಾರಿಯದು. ಅದಕ್ಕೆ ಕುಮಟೆಯಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ.

ಹತ್ತೊಂಬತ್ತನೆಯ ಶತಮಾನದ ಹತ್ತಿ ಪೇಟೆಗಳಲ್ಲಿ ‘ಕುಮಟಾ’ ಎಂದರೆ ಒಂದು ಜಾತಿಯ ಹತ್ತಿಯ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಧಾರವಾಡದ ಕಪ್ಪುನೆಲದಲ್ಲಿ ಬೆಳೆದು, ಘಟ್ಟ ಇಳಿದು, ಕುಮಟೆಯಲ್ಲಿ ಹಡಗೇರುತ್ತಿತ್ತು. ಹೆಸರು ಮಾತ್ರ ಬಂದರಿನದು ಅಂಟಿಕೊಂಡಿತು. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಈ ದಾರಿಗೆ ದಿಢೀರನೆ ಬೆಲೆ ಬಂತು. ಕಾರವಾರದಲ್ಲಿ ದೊಡ್ಡ ಬಂದರು ಮಾಡಬೇಕೆಂಬ ಒತ್ತಾಯವೂ ಸೇರಿ 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಕೊಟ್ಟರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ನಾವು ಇಂದು ಸಹಜವಾಗಿ ಆಡುವ ಹೆಸರುಗಳ ನಡುವಿನ ಗೆರೆಯನ್ನು ಹಾಕಿದ್ದು, ಬಹುಮಟ್ಟಿಗೆ, ಹತ್ತಿಯ ಅಂಡಿಗೆಗಳು. ಅದಾಗಿ ಮೂರು ದಶಕವೂ ಕಳೆಯಲಿಲ್ಲ. 1880ರ ದಶಕದಲ್ಲಿ ರೈಲು ಧಾರವಾಡ ಸೀಮೆಯಿಂದ ಲೋಂಡಾ ಮೂಲಕ ಗೋವೆಯ ಮುರ್ಮುಗೋವಾಕ್ಕೆ ಇಳಿಯಿತು. ಹತ್ತಿ ರೈಲು ಹತ್ತಿತು. ಕುಮಟೆ, ಕಾರವಾರಗಳ ಬಂದರುಗಳು ಕೆಲವೇ ವರ್ಷಗಳಲ್ಲಿ ಬಡವಾದವು. ಅವುಗಳ ನೀರಿನ ಆಳ ಕಡಿಮೆಯಾಗಿರಲಿಲ್ಲ, ವರ್ತಕರ ಜಾಣತನವೂ ಕಡಿಮೆಯಾಗಿರಲಿಲ್ಲ; ಒಳನಾಡಿನ ದಾರಿ ಮಗ್ಗುಲು ಬದಲಿಸಿತ್ತು, ಅಷ್ಟೇ.

ಇದೇ ಅವಧಿಯಲ್ಲಿ ಮಂಗಳೂರು ಯಾಕೆ ಬಡವಾಗಲಿಲ್ಲ? ಅದಕ್ಕೂ ರೈಲು ತಡವಾಗಿಯೇ ಬಂತು, ದಕ್ಷಿಣದಿಂದ, 1907ರಲ್ಲಿ. ಹಾಸನದ ಕಡೆಯ ಘಟ್ಟದ ರೈಲು ದಾರಿಯಂತೂ 1979ರ ತನಕ ಕಾಯಿತು. ಉತ್ತರ ಇರುವುದು ಊರಿನೊಳಗಿನ ಕೆಲಸದಲ್ಲಿ. 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಅಚ್ಚು ಹಾಕಿತು. 1865ರಲ್ಲಿ ಅದರ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಹಂಚಿನ ಅರ್ಥಶಾಸ್ತ್ರ ಗಮನಿಸುವಂಥದ್ದು. ಅದು ಭಾರ, ಅಗ್ಗ, ಮೇಲಾಗಿ ಒಡೆಯುವ ವಸ್ತು. ಎತ್ತಿನ ಗಾಡಿಯಲ್ಲಿ ದೂರ ಸಾಗಿಸಿದರೆ ಸಾಗಣೆಯ ಖರ್ಚೇ ಹಂಚಿನ ಬೆಲೆಯನ್ನು ನುಂಗುತ್ತದೆ. ಕುಲುಕಾಟಕ್ಕೆ ಅರ್ಧ ಪುಡಿಯಾಗುತ್ತದೆ. ನೀರಿನ ಮೇಲೆ ಮಾತ್ರ ಅದು ಲಾಭದಲ್ಲಿ ದೂರ ಹೋಗಬಲ್ಲದು. ಜೇಡಿಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದಿಂದ ದೋಣಿಯಲ್ಲಿ ಬರುತ್ತಿತ್ತು, ಆವಿಗೆಯ ಸೌದೆಯೂ ಹೊಳೆಯಲ್ಲೇ ಇಳಿಯುತ್ತಿತ್ತು, ಸುಟ್ಟ ಹಂಚು ಮಂಜಿಯಲ್ಲಿ ಮುಂಬೈಗೂ ಅಲ್ಲಿಂದಾಚೆ ಪೂರ್ವ ಆಫ್ರಿಕಾದ ದಡಕ್ಕೂ ಹೋಗುತ್ತಿತ್ತು. ಎರಡೂ ಹೊಳೆಗಳ ದಂಡೆಯಲ್ಲಿ ಕಾರ್ಖಾನೆಗಳ ಚಿಮಣಿಗಳು ಎದ್ದವು. ಮಣ್ಣು ತುಳಿಯುವುದರಿಂದ ಹಿಡಿದು ಹಂಚು ಹೊರುವವರೆಗೆ ಸಾವಿರಾರು ಜನರಿಗೆ, ಅವರಲ್ಲಿ ಬಹಳಷ್ಟು ಹೆಂಗಸರಿಗೆ, ದಿನಗೂಲಿ ಸಿಕ್ಕಿತು.

ಕಾಫಿಯೂ ಹಾಗೆಯೇ. ಕೊಡಗು, ಚಿಕ್ಕಮಗಳೂರಿನ ಬೀಜ ಘಟ್ಟ ಇಳಿದು ಬಂದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳ ಅಂಗಳದಲ್ಲಿ ಬಿಸಿಲಿಗೆ ಒಣಗಿ, ಸಿಪ್ಪೆ ಕಳಚಿ, ಹೆಂಗಸರ ಬೆರಳುಗಳಲ್ಲಿ ಆಯ್ದು ವಿಂಗಡವಾಗಿ ಹಡಗೇರುತ್ತಿತ್ತು. ಗೋಡಂಬಿಯೂ ಇದೇ ಬಗೆಯ ಕೈಗೆಲಸವನ್ನು ತಂದಿತು. ಹೀಗೆ ಸರಕು ಊರಿನಲ್ಲಿ ತಂಗಿದಷ್ಟು ದಿನ ಅದರ ಮೇಲೆ ಹಣವೂ ತಂಗಿರಬೇಕು. ಆ ಹಣವನ್ನು ಒದಗಿಸುವವರು ಬೇಕು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1925ರ ಸಿಂಡಿಕೇಟ್ ಬ್ಯಾಂಕ್, 1931ರ ವಿಜಯಾ ಬ್ಯಾಂಕ್ ಎಲ್ಲವೂ ಈ ಕಿರಿದಾದ ಪಟ್ಟಿಯಲ್ಲೇ ತಲೆಯೆತ್ತಿದವು. ಸಣ್ಣ ಹಿಡುವಳಿ, ವಿದ್ಯೆಯ ಹಂಬಲ, ಸಮುದಾಯದ ಕಟ್ಟು ಎಲ್ಲವೂ ಇದಕ್ಕೆ ಕಾರಣಗಳೇ. ಆದರೆ ಸುಗ್ಗಿಯಿಂದ ಹಡಗಿನವರೆಗಿನ ತಿಂಗಳುಗಳಿಗೆ ಸಾಲ ಕೊಟ್ಟು ತೀರಿಸಿಕೊಂಡು ಪಳಗಿದ ಕೈಗಳಿಲ್ಲದೆ ಇಷ್ಟು ಬ್ಯಾಂಕುಗಳು ಒಂದೇ ಕಡೆ ಹುಟ್ಟುತ್ತಿದ್ದವೆಂದು ನನಗೆ ತೋರುವುದಿಲ್ಲ.

ಇಂದಿಗೂ ಮಂಗಳೂರಿನ ಹಳೆ ಬಂದರಿನ ಗಲ್ಲಿಗಳಲ್ಲಿ ಆ ಗುಣದ ಗುರುತುಗಳಿವೆ. ಕಚ್ಛಿ ಮೇಮನ್ನರ ಮಸೀದಿ, ಕೊಂಕಣಿಗರ ರಥಬೀದಿ, ಅಡಕೆ, ಮೆಣಸು, ದಿನಸಿಯ ಮಂಡಿಗಳು, ಧಕ್ಕೆಯ ಮೀನಿನ ಹರಾಜು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಇಲ್ಲಿಗೆ, ಇಲ್ಲಿನ ಅಕ್ಕಿ ಅಲ್ಲಿಗೆ. ಆಡಳಿತದ ನಂಟು ಮುಗಿದರೂ ಮಳೆಗಾಲ ಕಳೆದ ಮೇಲೆ ತರಕಾರಿ, ದಿನಸಿ, ಕಲ್ಲು, ಸಿಮೆಂಟು ಹೊತ್ತ ಮಂಜಿಗಳು ಈಗಲೂ ದ್ವೀಪಗಳಿಗೆ ಹೊರಡುತ್ತವೆ.

ಇಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಪಣಂಬೂರಿನಲ್ಲಿ ಚಿತ್ರ ಬೇರೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಗಿ 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು ನದಿಯನ್ನು ನೆಚ್ಚಿಕೊಂಡದ್ದಲ್ಲ. ದಡವನ್ನು ಅಗೆದು ಮಾಡಿದ ಕೃತಕ ಕೊಳ. ಅದರ ಸುತ್ತಲಿನ ಕುಟುಂಬಗಳು ಎದ್ದು ಕಾಟಿಪಳ್ಳದಂಥ ಕಡೆ ಹೊಸ ಬದುಕು ಹೂಡಬೇಕಾಯಿತು. ಈಗ ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಅಲ್ಲಿ ಇಳಿದೇರುತ್ತದೆ. ಹಳೆಯ ಬಂದರು ತನ್ನ ಸಾವಿರ ವರ್ಷದಲ್ಲಿ ಕನಸಿನಲ್ಲೂ ಕಾಣದ ಮೊತ್ತ ಅದು. ಆದರೆ ಆ ಸರಕು ಯಾವುದು, ಹೇಗೆ ಸಾಗುತ್ತದೆ ನೋಡಿ. ಕುದುರೆಮುಖದ ಅದಿರು ನೀರಿನೊಡನೆ ಕಲೆತು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಇಳಿದು ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಚ್ಚಾ ತೈಲ ಕೊಳವೆಯಲ್ಲೇ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಹೋಗುತ್ತದೆ. ಕಲ್ಲಿದ್ದಲು ಯಂತ್ರದಿಂದ ರೈಲಿಗೆ, ರೈಲಿನಿಂದ ಘಟ್ಟದ ಮೇಲಕ್ಕೆ. ಇದರಿಂದ ನಾಡಿಗೆ ಆದ ಉಪಕಾರವನ್ನು ಅಲ್ಲಗಳೆಯಲಾಗದು: ಇಂಧನ, ಗೊಬ್ಬರ, ಅಡುಗೆ ಅನಿಲ, ತೆರಿಗೆ, ನೂರಾರು ಕುಟುಂಬಗಳಿಗೆ ಒಳ್ಳೆಯ ಸಂಬಳದ ನೌಕರಿ. ಆದರೂ ಮಂಗಳೂರಿನ ಪೇಟೆಯ ಕೈಗೆ ಈ ಸರಕು ಸಿಗುವುದಿಲ್ಲ. ಅದನ್ನು ಯಾರೂ ಬಿಚ್ಚುವುದಿಲ್ಲ, ತೂಕ ನೋಡಿ ಚೌಕಾಸಿ ಮಾಡುವುದಿಲ್ಲ. ಕಾಫಿ, ಗೋಡಂಬಿಯಂಥ ಪದಾರ್ಥಗಳು ಹೊರತು. ಅವು ಟನ್ನಿನ ಲೆಕ್ಕದಲ್ಲಿ ಅಲ್ಪ, ಊರಿನ ಕೂಲಿಯ ಲೆಕ್ಕದಲ್ಲಿ ದೊಡ್ಡವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1956ರಲ್ಲಿ ಅಮೆರಿಕದಲ್ಲಿ ಕಂಟೇನರ್ ಹೊತ್ತ ಹಡಗು ಹೊರಟ ಮೇಲೆ ಎರಡು ಮೂರು ದಶಕಗಳಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಧಕ್ಕೆಗಳು ಬರಿದಾಗಿ ಕೆಲಸ ನ್ಯೂಜೆರ್ಸಿಯ ಬಯಲಿಗೆ ಹೋಯಿತು. ಲಂಡನ್ ನಗರದೊಳಗಿನ ಡಾಕ್‌ಗಳು 1981ರ ಹೊತ್ತಿಗೆ ಮುಚ್ಚಿ ವ್ಯವಹಾರ ನದಿಯ ಕೆಳಗಿನ ಟಿಲ್ಬರಿಗೆ ಇಳಿಯಿತು. ಬಂದರೂ ನಗರವೂ ಬೇರೆಬೇರೆ ಮನೆ ಮಾಡಿದವು. ಆ ನಗರಗಳು ಬದುಕಿದ್ದು ಬಂದರು ಕಲಿಸಿಹೋದ ಸಾಲ, ವಿಮೆ, ದಲ್ಲಾಳಿತನದ ವಿದ್ಯೆಯಿಂದ.

ಈ ಹಿನ್ನೆಲೆಯಲ್ಲಿ ಕೇಣಿ, ಕಾಸರಕೋಡುಗಳ ವಾದವನ್ನು ಮತ್ತೆ ತೂಗಬೇಕು. ಕೇಣಿಗೆ ಹೇಳಿರುವ ವರ್ಷಕ್ಕೆ 3 ಕೋಟಿ ಟನ್ ಎಂಬ ಸಂಖ್ಯೆ ದೇಶದ ಉಕ್ಕು, ವಿದ್ಯುತ್ ಉದ್ಯಮಗಳಿಗೆ ಅರ್ಥಪೂರ್ಣವಾದದ್ದು; ಅಂಕೋಲೆ ಎಂಬ ಊರಿನ ಬೆಳವಣಿಗೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪಕ್ಕದ ಬೇಲೆಕೇರಿಯನ್ನೇ ನೋಡಬಹುದು. ಅದಿರಿನ ರಫ್ತು ಉಕ್ಕೇರಿದ ವರ್ಷಗಳಲ್ಲಿ ಆ ಸಣ್ಣ ಬಂದರಿನಿಂದ ಲಕ್ಷಾಂತರ ಟನ್ ಬಳ್ಳಾರಿಯ ಮಣ್ಣು ಹೋಯಿತು, 2010ರಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾದ ಪ್ರಕರಣ ರಾಜ್ಯದ ರಾಜಕೀಯವನ್ನು ಅಲುಗಾಡಿಸಿತು. ಬೇಲೆಕೇರಿ ಮಾತ್ರ ಪಟ್ಟಣವಾಗಲಿಲ್ಲ. ಲಾರಿಗಳು ಬಂದವು, ಕೆಂಪು ಧೂಳು ಕೂತಿತು, ರಫ್ತು ನಿಂತ ದಿನ ಲಾರಿಗಳೂ ನಿಂತವು.

ಇನ್ನು ಕಳೆದುಕೊಳ್ಳುವ ಪಕ್ಷ. ಇಂದು ಅಳಿವೆಯ ಹತ್ತಿರ ಸರಕು ನಿಜವಾಗಿ ತಂಗುವುದು ಮೀನುಗಾರಿಕೆಯಲ್ಲೇ. ಮೀನು ಇಳಿಯುತ್ತದೆ, ಹರಾಜಾಗುತ್ತದೆ, ಹೆಂಗಸರು ಅದನ್ನು ಸ್ವಚ್ಛ ಮಾಡಿ ಒಣಗಿಸುತ್ತಾರೆ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುತ್ತಾರೆ, ಮಂಜುಗಡ್ಡೆಯವರು, ಬಲೆ ಹೆಣೆಯುವವರು, ದೋಣಿ ರಿಪೇರಿಯವರು, ಮುಂಗಡ ಕೊಡುವವರು ಅದರ ಸುತ್ತ ಬದುಕುತ್ತಾರೆ. ಬೆನ್ ಯಿಜುವಿನ ಕಾಲದ ಬಂದರಿನ ಗುಣವನ್ನು ಹೋಲುವ ಆರ್ಥಿಕತೆ ಈ ದಡದಲ್ಲಿ ಇನ್ನೂ ಉಸಿರಾಡುತ್ತಿರುವುದು ಇಲ್ಲಿ. ಕಾಸರಕೋಡು ಟೊಂಕದ ಮರಳಿನ ಮೇಲೆ ಮೀನು ಒಣಗಿಸುವ ಜಾಗವನ್ನು ಖಾಲಿ ಜಮೀನೆಂದು ನಕ್ಷೆಯಲ್ಲಿ ತೋರಿಸಬಹುದು. ಅದು ಆ ಹೆಂಗಸರ ಕಾರ್ಖಾನೆಯ ಅಂಗಳ. ಅಲೆ ತಡೆಗೋಡೆಗಳು ಮರಳಿನ ಓಟವನ್ನು ಕಡಿದಾಗ ಒಂದು ಮಗ್ಗುಲಲ್ಲಿ ಹೂಳು, ಇನ್ನೊಂದು ಮಗ್ಗುಲಲ್ಲಿ ಕೊರೆತ ಬರುವುದನ್ನು ಕರಾವಳಿ ಬಲ್ಲದು. ಉಳ್ಳಾಲದ ಕಡಲ್ಕೊರೆತಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ನೀರೊಳಗೆ ದಿಬ್ಬಗಳನ್ನು ಕಟ್ಟಬೇಕಾಗಿ ಬಂದದ್ದು ಬಹಳ ಹಿಂದಿನ ಮಾತಲ್ಲ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪು ಹೆಕ್ಕಿ ಸಾವಿರಾರು ಮಂದಿ ಜೀವನ ಸಾಗಿಸುತ್ತಾರೆ. ಅದಕ್ಕೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿದೆ. ಅದೇ ಅಳಿವೆಯ ತದಡಿಗೆ ಹಿಂದೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರವನ್ನೂ ಆಮೇಲೆ ದೊಡ್ಡ ಬಂದರನ್ನೂ ಯೋಜಿಸಿದ್ದರು.

ಬಂದರೇ ಬೇಡವೆಂಬುದು ನನ್ನ ನಿಲುವಲ್ಲ. ಬೆಂಗಳೂರಿನ ಕಂಟೇನರುಗಳು ಇಂದಿಗೂ ಹೆಚ್ಚಾಗಿ ಚೆನ್ನೈ ಕಡೆಗೆ ಹೋಗುವುದು ನಮ್ಮ ಘಟ್ಟದ ದಾರಿಗಳ ಸ್ಥಿತಿಯಿಂದ; ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ 55 ಕಿಲೋಮೀಟರಿನಲ್ಲಿ ರೈಲು 50 ಅಡಿಗೆ 1 ಅಡಿಯಂತೆ ಏರಬೇಕು, ಮಳೆಗಾಲದಲ್ಲಿ ಗುಡ್ಡ ಜರಿದರೆ ವಾರಗಟ್ಟಲೆ ನಿಲ್ಲಬೇಕು. ಪಣಂಬೂರಿನಲ್ಲಿ ಈಗಿರುವ ಬಂದರಿಗೇ ಒಳನಾಡಿನ ಸರಕು ಸಲೀಸಾಗಿ ತಲುಪದಿರುವಾಗ ಹೊಸ ಬಂದರು ಆ ಕೊರತೆಯನ್ನು ನೀಗಿಸಲಾರದು. ಕೇಣಿಯ ಮಟ್ಟಿಗೆ ಇದೇ ಪ್ರಶ್ನೆಯ ಹೆಸರು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ. ದಟ್ಟ ಕಾಡಿನ ನಡುವೆ ಹಾಯಬೇಕಾದ ಆ ದಾರಿ ದಶಕಗಳಿಂದ ಕಾಗದದ ಮೇಲಿದೆ, ಅದರ ವಿರುದ್ಧದ ಅರಣ್ಯ ಮತ್ತು ವನ್ಯಜೀವಿಗಳ ಪರವಾದ ಆಕ್ಷೇಪಗಳು ಗಂಭೀರವಾಗಿವೆ. ದಾರಿಯಾಗದಿದ್ದರೆ ಬಂದರಿಗೆ ಒಳನಾಡಿಲ್ಲ. ದಾರಿಯಾದರೆ ಬಂದರಿನ ಬೆಲೆಗೆ ಘಟ್ಟದ ಕಾಡಿನ ಬೆಲೆಯನ್ನೂ ಕೂಡಿಸಬೇಕು. ಎರಡನ್ನೂ ಬೇರೆಬೇರೆ ಕಡತಗಳಲ್ಲಿ ಇಟ್ಟು ಬೇರೆಬೇರೆಯಾಗಿ ಒಪ್ಪಿಗೆ ಕೇಳುವುದು ಸರಿಯಾದ ಲೆಕ್ಕವಲ್ಲ.

ಅಂಕೋಲಾ ತಾಲ್ಲೂಕಿನ ಜನರ ಮುಂದೆ ಇಡಬೇಕಾದ ಸಂಗತಿಗಳು ಹಾಗಿದ್ದರೆ ಇವು: ಬರುವ ಟನ್ನುಗಳಲ್ಲಿ ಎಷ್ಟು ಕೊಳವೆ ಮತ್ತು ಯಂತ್ರಗಳಲ್ಲೇ ನೇರ ಹೊರಗೆ ಹೋಗುತ್ತದೆ, ಎಷ್ಟು ತಾಲ್ಲೂಕಿನೊಳಗೆ ಇಳಿದು ಕೆಲಸ ಮಾಡಿಸಿಕೊಳ್ಳುತ್ತದೆ, ಅಡಕೆ, ಗೋಡಂಬಿ, ಮೀನಿನಂಥ ಸ್ಥಳೀಯ ಪದಾರ್ಥ ಹಡಗೇರಲು ಶೀತಲಗೃಹ ಮತ್ತು ಸಣ್ಣ ಧಕ್ಕೆ ಆ ನಕ್ಷೆಯಲ್ಲಿ ಇದೆಯೇ, ಕೇಣಿಯ ಮೀನುಗಾರರ ದೋಣಿಗಳು ತಡೆಗೋಡೆಯ ಯಾವ ಕಡೆಯಿಂದ, ಯಾವ ತಿಂಗಳಲ್ಲಿ ಕಡಲಿಗೆ ಇಳಿಯಬೇಕು. ಕೊನೆಯ ಪ್ರಶ್ನೆಗೆ ಉತ್ತರ ಬಂಡೆ ಹಾಕುವ ಮೊದಲೇ ಬರಹದಲ್ಲಿ ಸಿಗಬೇಕು. ತಡೆಗೋಡೆ ಎದ್ದ ಮೇಲೆ ಮರಳು ತನ್ನ ದಾರಿಯನ್ನು ಒಂದೆರಡು ಮಳೆಗಾಲದಲ್ಲೇ ಬದಲಿಸಿಕೊಂಡಿರುತ್ತದೆ.